ಹುಟ್ಟುಹಬ್ಬದ ತನಕ

ಮಾರ್ಚ್ 3, ಸೋಮವಾರ

ಹದಿನಾಲ್ಕು ವರ್ಷದಿಂದ ರಟ್ಟಿನ ಪೆಟ್ಟಿಗೆ ಕಾರ್ಖಾನೆಯಲ್ಲಿ ಸೂಪರ್‌ವೈಸರಾಗಿ ಪಾಳಿಯ ವರದಿ ಬರೆಯುತ್ತಿದ್ದೇನೆ. ಎಷ್ಟು ಪೆಟ್ಟಿಗೆ ಆಯಿತು, ಎಷ್ಟು ಹಾಳಾಯಿತು, ಕಾರಣವೇನು. ಶೀಟು ಹರಿಯಿತು, ಬ್ಲೇಡು ಮುರಿಯಿತು, ಅಂಟು ಹಿಡಿಯಲಿಲ್ಲ. ಯಾರು ಹರಿದರು, ಯಾರು ಮುರಿದರು ಎಂದು ಬರೆಯುವ ಪದ್ಧತಿ ನಮ್ಮಲ್ಲಿಲ್ಲ. ಬರೆದರೆ ಯಾರದೋ ಕೆಲಸ ಹೋಗುತ್ತದೆ. ಹಳೆಯ ರಿಜಿಸ್ಟರೊಂದರಲ್ಲಿ ಅರ್ಧದಷ್ಟು ಹಾಳೆಗಳು ಖಾಲಿ ಉಳಿದಿದ್ದವು, ಮನೆಗೆ ತಂದೆ. ನನ್ನ ತಂಗಿ ಆಸ್ಪತ್ರೆಯಲ್ಲಿ ನರ್ಸು. "ಸಿಟ್ಟು ಬಂದಾಗ ಕೈಗೆ ಪೆನ್ನು ಕೊಡು ಅಕ್ಕ" ಅಂದಿದ್ದಾಳೆ. ಕೊಟ್ಟಿದ್ದೇನೆ. ಅದು ಯಾರನ್ನು ಚುಚ್ಚುತ್ತದೋ ನೋಡೋಣ.

ನಿನ್ನೆಯ ವರದಿ. ಬೆಳಗ್ಗೆ ಹತ್ತು ಗಂಟೆ. ಹಾಲು ಉಕ್ಕಿತು. ನೋಡಿಕೋ ಎಂದು ಮಗಳಿಗೆ ಹೇಳಿ ಬಟ್ಟೆ ಒಣಹಾಕಲು ಹೋಗಿದ್ದೆ. ಮಹಾರಾಣಿ ಒಲೆಯ ಮುಂದೆ ನಿಂತು ಕಥೆಪುಸ್ತಕ ಓದುತ್ತಿದ್ದಳು. ಒಲೆ ತುಂಬ ಹಾಲು, ನೆಲದ ತುಂಬ ಹಾಲು. ನನ್ನ ಕೈಯಲ್ಲಿ ಬಟ್ಟೆ ಹಾಕುವ ಹ್ಯಾಂಗರಿತ್ತು. ಎರಡೇಟು ಬಿತ್ತು. ಒಂದು ಭುಜಕ್ಕೆ, ಇನ್ನೊಂದು ಕಿವಿಯ ಹಿಂದೆ. ರಕ್ತ ಬಂದದ್ದು ಹ್ಯಾಂಗರಿನ ಕೊಕ್ಕೆಯಿಂದ, ಏಟಿನಿಂದಲ್ಲ.

ಅದೇ ಹೊತ್ತಿಗೆ ತಂಗಿ ಬಂದಳು. ಬರುತ್ತೇನೆಂದು ಹೇಳಿರಲಿಲ್ಲ. ಗಾಯ ತೊಳೆದಳು, ಹತ್ತಿ ಇಟ್ಟಳು, ಪಟ್ಟಿ ಅಂಟಿಸಿದಳು. ಆಮೇಲೆ, "ಅಕ್ಕ, ಇವಳನ್ನ ನಾನು ಕರ್ಕೊಂಡು ಹೋಗ್ತೀನಿ" ಅಂದಳು.

ನಾನು ನಕ್ಕೆ. "ಹೆತ್ತೋಳು ನಾನು ಕಣೇ."

"ಹೆತ್ತಿದ್ದಕ್ಕೆ ಚಚ್ಚಬಹುದು ಅಂತ ಎಲ್ಲಿ ಬರೆದಿದೆ?" ಅಂದಳು. ಆಮೇಲೆ ಮಗಳ ಕಡೆ ತಿರುಗಿ, "ನೀನೇ ಹೇಳು ಮರಿ. ನನ್ನ ಜೊತೆ ಬರ್ತೀಯಾ, ಇಲ್ಲೇ ಇರ್ತೀಯಾ?"

ನನ್ನ ಮಗಳು ಕೂಸಾಗಿದ್ದಾಗ ಸಣ್ಣ ದನಿಯಲ್ಲಿ ಎಳೆದೆಳೆದು ಅಳುತ್ತಿದ್ದಳು. ಅವತ್ತಿನಿಂದ ಅವಳ ಹೆಸರು ಪಿಟೀಲು. ಅವಳಪ್ಪ ನಮ್ಮನ್ನು ಬಿಟ್ಟು ಹೋಗಿ ಆರು ವರ್ಷವಾಯಿತು, ಆ ಹೆಸರೊಂದನ್ನು ಮಾತ್ರ ಇಟ್ಟು ಹೋದ. ಪಿಟೀಲು ನೆಲ ನೋಡುತ್ತ ಯೋಚಿಸಿದಳು. "ಹುಟ್ಟುಹಬ್ಬ ಆದ ಮೇಲೆ ಹೇಳ್ತೀನಿ" ಅಂದಳು.

ಇಪ್ಪತ್ತಮೂರಕ್ಕೆ, ಭಾನುವಾರ, ಅವಳಿಗೆ ಹನ್ನೆರಡು ತುಂಬುತ್ತದೆ. ಮನೆಯಲ್ಲೇ ಪಾರ್ಟಿ ಬೇಕಂತೆ. ಕ್ಲಾಸಿನ ಆರು ಜನ ಹುಡುಗಿಯರನ್ನು ಕರೆಯಬೇಕಂತೆ. ಇಷ್ಟು ವರ್ಷದಲ್ಲಿ ಅವಳ ಗೆಳತಿಯೊಬ್ಬಳೂ ನಮ್ಮ ಮನೆಯ ಮೆಟ್ಟಿಲು ಹತ್ತಿಲ್ಲ. ತಂಗಿ ಹೊರಡುವಾಗ ಬಾಗಿಲಲ್ಲಿ ನಿಂತು, "ಅಲ್ಲೀ ತನಕ ಒಂದೇ ಒಂದು ಏಟು ಬಿದ್ರೂ ಅವತ್ತೇ ಬಂದು ಕರ್ಕೊಂಡು ಹೋಗ್ತೀನಿ" ಎಂದು ಎಚ್ಚರಿಸಿ ಹೋದಳು.

ಇಪ್ಪತ್ತು ದಿನ. ಇಪ್ಪತ್ತು ದಿನ ಕೈ ಕಟ್ಟಿಕೊಂಡಿರಬೇಕು, ಊರಿಗೆಲ್ಲ ಹೊಟ್ಟೆಕಿಚ್ಚಾಗುವಂಥ ಪಾರ್ಟಿ ಮಾಡಬೇಕು. ಅವಳು ಹೋದರೆ ನನಗೆ ಯಾರಿದ್ದಾರೆ? ಅವಳನ್ನು ನಾನು ಬಿಟ್ಟುಕೊಡುವುದಿಲ್ಲ.

ಮಾರ್ಚ್ 5, ಬುಧವಾರ

ಆಟಗಳ ಪಟ್ಟಿ ಮಾಡಲು ಕೂತೆವು. ಪಿಟೀಲು ನೋಟ್‌ಬುಕ್ ತಂದಿದ್ದಳು, ಬಣ್ಣದ ಪೆನ್ನು ಬೇರೆ. ಕುರ್ಚಿ ಆಟ, ಸ್ಟ್ಯಾಚ್ಯೂ, ಚೀಟಿ ಹುಡುಕಿ ನಿಧಿ ಹಿಡಿಯುವ ಆಟ. ಅವಳ ಅಕ್ಷರ ಮುತ್ತು ಪೋಣಿಸಿದ ಹಾಗಿದೆ. ನನ್ನ ಅಕ್ಷರ ಕಾಗೆ ಕಾಲು, ಗುಬ್ಬಿ ಕಾಲು.

"ಟ್ರೂತ್ ಆರ್ ಡೇರ್ ಕೂಡ ಇರಲಿ" ಅಂದಳು.

"ಅದೇನು?"

"ಬಾಟಲಿ ತಿರುಗಿಸೋದು. ಯಾರ ಕಡೆ ನಿಲ್ಲುತ್ತೋ ಅವರು ನಿಜ ಹೇಳ್ಬೇಕು. ಏನು ಕೇಳಿದ್ರೂ."

"ಬೇಡ" ಅಂದೆ.

"ಎಲ್ಲರ ಪಾರ್ಟಿಲೂ ಆಡ್ತಾರಮ್ಮ."

"ಬೇಡ ಅಂದ್ನಲ್ಲ!" ಎಂದು ಮೇಜಿಗೆ ಗುದ್ದಿದೆ. ನೀರಿನ ಲೋಟ ಉರುಳಿ ಪಟ್ಟಿಯ ಮೇಲೆ ಬಿತ್ತು. ಬಣ್ಣವೆಲ್ಲ ಕಲಸಿಹೋಯಿತು. ಅವಳು ಅಳಲಿಲ್ಲ. ನೋಟ್‌ಬುಕ್ಕನ್ನು ಬಟ್ಟೆಯಿಂದ ಒತ್ತಿ ಒಣಗಿಸಿ ಹೊಸ ಹಾಳೆಯಲ್ಲಿ ಮತ್ತೆ ಬರೆದಳು. ಆ ಆಟವನ್ನು ಬಿಟ್ಟು ಬರೆದಳು. ಮೇಜಿಗೆ ಗುದ್ದಿದ್ದು ಲೆಕ್ಕಕ್ಕಿಲ್ಲ. ಮೇಜು ತಂಗಿಗೆ ದೂರು ಹೇಳುವುದಿಲ್ಲ.

ಮಾರ್ಚ್ 8, ಶನಿವಾರ

ಇವತ್ತು ಕಾರ್ಖಾನೆಯಲ್ಲಿ ರಟ್ಟು ಕತ್ತರಿಸುವ ಯಂತ್ರಕ್ಕೆ ಶೀಟು ಸಿಕ್ಕಿಕೊಂಡಿತು. ಅಲ್ಲಿ ನಿಂತವನು ಎರಡು ಮಕ್ಕಳ ತಂದೆ, ಎಂಟು ವರ್ಷದ ಅನುಭವ. ಸ್ವಿಚ್ ಆರಿಸದೆ ಒಳಗೆ ಕೈ ಹಾಕಿದ. ಮೇಲಿನ ಹಲಗೆ ಇಳಿಯುತ್ತಿತ್ತು. ಓಡಿಹೋಗಿ ಕಾಲರ್ ಹಿಡಿದು ಎಳೆದೆ. ಅವನು ಹಿಂದಕ್ಕೆ ಬಿದ್ದ. ಹಲಗೆ ಧಡ್ ಎಂದು ಕೂತಿತು. ಅವನು ಎದ್ದು ಹಲ್ಲು ಕಿರಿಯುತ್ತ, "ಏನಾಗಿಲ್ಲ ಮೇಡಂ" ಅಂದ. ಎಲ್ಲಿತ್ತೋ ಸಿಟ್ಟು, ಕೆನ್ನೆಗೆ ಬಾರಿಸಿದೆ. ಅವನ ಬೆರಳು ಉಳಿಯಿತು, ಕೆನ್ನೆ ಉಳಿಯಲಿಲ್ಲ. ತುಟಿ ಒಡೆದು ರಕ್ತ ಅಂಗಿಯ ಮೇಲೆ ಇಳಿಯಿತು.

ಮಾಲೀಕರು ಬಂದು ನನ್ನ ಬೆನ್ನು ತಟ್ಟಿದರು. "ನಿಮ್ಮಂಥೋರು ಇನ್ನಿಬ್ಬರು ಇದ್ದಿದ್ರೆ ನನಗೆ ನಿದ್ದೆ ಬರ್ತಿತ್ತು" ಅಂದರು. ಅವನೂ ಸಂಜೆ ಬಂದು ಕೈ ಮುಗಿದ. ಇದನ್ನೆಲ್ಲ ತಂಗಿ ನೋಡಬೇಕಿತ್ತು. ದಂಡಂ ದಶಗುಣಂ ಎಂದವರು ದಡ್ಡರಲ್ಲ.

ಮನೆಗೆ ಬರುವಾಗ ಒಂದು ಉಪಾಯ ಹೊಳೆಯಿತು. ಒಡೆಯುವ ಪೆಟ್ಟಿಗೆ! ರಟ್ಟಿನ ಪೆಟ್ಟಿಗೆಯೊಳಗೆ ಚಾಕೊಲೇಟು ತುಂಬಿ ಸೀಲಿಂಗಿನ ಕೊಕ್ಕೆಗೆ ನೇತುಹಾಕುವುದು, ಕಣ್ಣು ಕಟ್ಟಿಕೊಂಡು ಕೋಲಿನಿಂದ ಹೊಡೆದು ಬೀಳಿಸುವುದು. ಅಂಗಡಿಯಲ್ಲಿ ತೆಳ್ಳಗಿನ ಕಾಗದದ್ದು ಸಿಗುತ್ತದೆ. ಪೆಟ್ಟಿಗೆ ಕಾರ್ಖಾನೆಯವಳ ಮಗಳಿಗೆ ಅಂಗಡಿಯ ಪೆಟ್ಟಿಗೆಯೇ? ನಾನೇ ಮಾಡುತ್ತೇನೆ.

ಪಿಟೀಲಿಗೆ ಹೇಳಿದೆ. "ನಿಜವಾಗ್ಲೂ?" ಎಂದು ಕುಣಿದಳು. ಬಹಳ ದಿನದ ಮೇಲೆ ಕುಣಿದದ್ದು.

ಮಾರ್ಚ್ 10, ಸೋಮವಾರ

ಗಣಿತದ ಟೆಸ್ಟಿನಲ್ಲಿ ಇಪ್ಪತ್ತೈದಕ್ಕೆ ಒಂಬತ್ತು. ಹಾಳೆಯನ್ನು ಹಾಸಿಗೆಯ ಕೆಳಗೆ ಬಚ್ಚಿಟ್ಟಿದ್ದಳು. ಅಂಕಕ್ಕಲ್ಲ, ಬಚ್ಚಿಟ್ಟದ್ದಕ್ಕೆ ಮೈಯೆಲ್ಲ ಉರಿಯಿತು. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಟವೆಲ್ ಬಾಯಿಗೆ ತುರುಕಿಕೊಂಡು ಗೋಡೆಗೆ ಗುದ್ದಿದೆ. ಆರೇಳು ಸಲ ಗುದ್ದಿರಬೇಕು. ಬೆರಳ ಗೆಣ್ಣಿನ ಚರ್ಮ ಕಿತ್ತುಬಂತು. ಟೈಲ್ಸ್ ಬಿರುಕು ಬಿಟ್ಟಿದೆ.

ಹೊರಗೆ ಬಂದಾಗ ಪಿಟೀಲು ಬಾಗಿಲ ಪಕ್ಕ ಡೆಟ್ಟಾಲ್ ಹಿಡಿದು ನಿಂತಿದ್ದಳು. ನನಗೆ ಹಚ್ಚಿದಳು. ಊದುತ್ತ ಊದುತ್ತ ಹಚ್ಚಿದಳು. ಮನೆಯಲ್ಲಿ ಡೆಟ್ಟಾಲ್ ಎಲ್ಲಿದೆಯೆಂದು ನನಗೇ ಗೊತ್ತಿರಲಿಲ್ಲ.

ಎಂಟು ದಿನ ಆಯಿತು. ಏಟು ಬಿದ್ದಿಲ್ಲ.

ಮಾರ್ಚ್ 12, ಬುಧವಾರ

ಮಧ್ಯಾಹ್ನ ಊಟದ ಬಿಡುವಿನಲ್ಲಿ ಅಂಟಿನಜ್ಜನ ಜೊತೆ ಕೂತಿದ್ದೆ. ಅಂಟು ಕಾಯಿಸುವ ದೊಡ್ಡ ಪಾತ್ರೆಯನ್ನು ನಲವತ್ತು ವರ್ಷದಿಂದ ನೋಡಿಕೊಳ್ಳುತ್ತಿರುವ ಮುದುಕ, ಅದಕ್ಕೇ ಆ ಹೆಸರು. "ಕೈಗೇನಾಯ್ತಮ್ಮಾ?" ಎಂದ. ಗೋಡೆಗೆ ತಾಗಿತು ಅಂದೆ. "ಗೋಡೆ ಹೇಗಿದೆ?" ಎಂದ ಪೋಲಿ ಅಜ್ಜ.

ನಮ್ಮಮ್ಮ ಹೊಡೆಯುತ್ತಿದ್ದದ್ದು ಒದ್ದೆ ಹಗ್ಗದಲ್ಲಿ. ಒಣ ಹಗ್ಗ ಸದ್ದು ಮಾಡುತ್ತದೆ, ಒದ್ದೆ ಹಗ್ಗ ಕೆಲಸ ಮಾಡುತ್ತದೆ ಎನ್ನುತ್ತಿದ್ದಳು. ಬಕೆಟ್ಟಿನಲ್ಲಿ ಅದು ಯಾವಾಗಲೂ ನೆನೆದಿರುತ್ತಿತ್ತು. ಒಂದು ಸಲ ತಂಗಿಯ ಬದಲಿಗೆ ನಾನೇ ಹೋಗಿ ನಿಂತಿದ್ದೆ. ಆಗ ನನಗೆ ಹನ್ನೊಂದೋ ಹನ್ನೆರಡೋ. ತಂಗಿಗೆ ಏಳು. ಅವಳಿಗೆ ನೆನಪಿಲ್ಲ ಅನಿಸುತ್ತದೆ, ಇದ್ದಿದ್ದರೆ ನನಗೇ ಬುದ್ಧಿ ಹೇಳಲು ಬರುತ್ತಿರಲಿಲ್ಲ. ನಾನೇನು ಕೆಟ್ಟುಹೋದೆನೇ? ಇಪ್ಪತ್ತೆರಡು ಜನರನ್ನು ಆಳುತ್ತಿದ್ದೇನೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?

ಅಮ್ಮ ಸತ್ತಾಗ ಅಳು ಬರಲಿಲ್ಲ. ಇದನ್ನು ಯಾಕೆ ಬರೆದೆನೋ.

ಮಾರ್ಚ್ 15, ಶನಿವಾರ

ಏಟು ಬಿತ್ತು.

ಅರ್ಧ ದಿನದ ಪಾಳಿ, ಬೇಗ ಮನೆಗೆ ಬಂದೆ. ಕೈಯಲ್ಲಿ ಬಲೂನಿನ ಪೊಟ್ಟಣ, ಬಣ್ಣದ ಕಾಗದ. ಪಿಟೀಲು ಫೋನಿನಲ್ಲಿ ಗೆಳತಿಯ ಜೊತೆ ಮಾತಾಡುತ್ತಿದ್ದಳು. ನಿಧಿ ಆಟದ ಚೀಟಿ ಎಲ್ಲೆಲ್ಲಿ ಇಡುವುದೆಂದು ಹೇಳುತ್ತಿದ್ದಳು, ನಾನು ಬಂದದ್ದು ಗೊತ್ತಾಗಲಿಲ್ಲ. "ಅಮ್ಮನ ರೂಮಿಗೆ ಮಾತ್ರ ಯಾರೂ ಹೋಗಬಾರದು. ಅಲ್ಲಿ ದೆವ್ವ ಇದೆ" ಅಂದಳು. ಕಿಸಕ್ಕನೆ ನಕ್ಕಳು.

ಆ ನಗುವಿಗೆ ಕೈ ಹೋಯಿತು. ಕೂದಲು ಕೈಗೆ ಸಿಕ್ಕಿತು. ತಲೆ ಕಪಾಟಿಗೆ ಹೋಗಿ ಬಡಿಯಿತು. ಎರಡು ಸಲ. ಮೊದಲನೆಯದಕ್ಕೆ ಫೋನು ಕೈಯಿಂದ ಬಿತ್ತು, ಎರಡನೆಯದು ಕಪಾಟಿನ ಹಿಡಿಕೆಗೆ. ಫೋನಿನೊಳಗಿನಿಂದ ಆ ಹುಡುಗಿ "ಹಲೋ, ಹಲೋ" ಅನ್ನುತ್ತಿದ್ದಳು. ಪಿಟೀಲು ಬಗ್ಗಿ ಫೋನು ಎತ್ತಿಕೊಂಡು, "ಕೈಜಾರಿ ಬಿತ್ತು ಕಣೇ, ಆಮೇಲೆ ಮಾಡ್ತೀನಿ" ಅಂದಳು. ದನಿ ನಡುಗಲಿಲ್ಲ.

ಹಣೆಯ ಮೇಲೆ ನಿಂಬೆಹಣ್ಣಿನಷ್ಟು ಬುಗುಟು. ಐಸ್ ಇಟ್ಟೆ. "ಚಿಕ್ಕಮ್ಮನಿಗೆ ಹೇಳ್ಬೇಡ" ಅಂದೆ. ಬೇಡಿಕೊಂಡೆ ಅನ್ನಬೇಕು. "ಹೇಳಲ್ಲಮ್ಮ. ನಾಳೆ ಬಲೂನ್ ಊದಿ ನೋಡೋಣ್ವಾ?" ಅಂದಳು.

ಮಾರ್ಚ್ 16, ಭಾನುವಾರ

ತಂಗಿ ವಿಡಿಯೋ ಕಾಲ್ ಮಾಡಿದಳು. "ಹಣೆಗೇನೇ ಅದು?"

"ಕಪಾಟಿನ ಬಾಗಿಲು ತೆಗ್ದಿಟ್ಟಿದ್ದೆ ಚಿಕ್ಕಮ್ಮ. ಬಗ್ಗಿ ಎದ್ದೆ ನೋಡು, ಠಣ್ ಅಂತು!" ಎಂದು ಪಿಟೀಲು ತಲೆ ಹಿಡಿದುಕೊಂಡು ತಮಾಷೆ ಮಾಡಿ ತೋರಿಸಿದಳು. ಜೊತೆಗೆ ನಕ್ಕಳು.

ತಂಗಿ ಅವಳನ್ನೇ ಸ್ವಲ್ಪ ಹೊತ್ತು ನೋಡಿ "ಸರಿ" ಅಂದಳು. ನನಗೆ ಹೋದ ಜೀವ ಬಂತು. ಈ ಹುಡುಗಿ ಸುಳ್ಳನ್ನು ಎಷ್ಟು ಚೆನ್ನಾಗಿ ಹೇಳುತ್ತಾಳೆ! ಎಲ್ಲೂ ತಡವರಿಸುವುದಿಲ್ಲ. ಎಲ್ಲಿ ಕಲಿತಳೋ.

ಮಾರ್ಚ್ 17, ಸೋಮವಾರ

ಪಿಟೀಲಿಗೆ ಹಣೆಯ ಮೇಲೆ ಬೀಳುವ ಹಾಗೆ ಕೂದಲು ಕತ್ತರಿಸಿದೆ. ಬುಗುಟು ಮುಚ್ಚಿತು. ಕನ್ನಡಿ ನೋಡಿಕೊಂಡು ಚೆನ್ನಾಗಿದೆ ಅಂದಳು. ಕತ್ತರಿ ಹತ್ತಿರ ಬಂದಾಗಲೆಲ್ಲ ಉಸಿರು ಹಿಡಿದಿದ್ದಳು.

ಮಾರ್ಚ್ 20, ಗುರುವಾರ

ಪೆಟ್ಟಿಗೆ ಸಿದ್ಧವಾಯಿತು. ಕೆಲಸ ಮುಗಿದ ಮೇಲೆ ಅಂಟಿನಜ್ಜನನ್ನು ನಿಲ್ಲಿಸಿಕೊಂಡು ಮಾಡಿದೆ. ಯಂತ್ರದ ಭಾಗ ಕಳಿಸಲು ಬಳಸುತ್ತೇವಲ್ಲ, ಆ ಐದು ಪದರದ ರಟ್ಟು. ಮೂಲೆಗಳಿಗೆ ಎರಡೆರಡು ಸಲ ಅಂಟು, ಅಂಚಿಗೆ ತಂತಿಯ ಹೊಲಿಗೆ. ಮೇಲೆ ನೀಲಿ ಕಾಗದ, ಬೆಳ್ಳಿ ನಕ್ಷತ್ರ.

ಅಜ್ಜ ಬೆರಳಿನಿಂದ ತಟ್ಟಿ ನೋಡಿದ. "ಮಕ್ಕಳ ಆಟಕ್ಕೆ ಇದು ಗಟ್ಟಿ ಆಯ್ತಲ್ಲಮ್ಮಾ."

"ನನ್ನ ಕೈಯಾರೆ ಮಾಡಿದ ಪೆಟ್ಟಿಗೆ ಒಂದೇಟಿಗೆ ಒಡೆದ್ರೆ ನಾಚಿಕೆಗೇಡು ಅಜ್ಜ" ಅಂದೆ.

"ಅಲ್ಲಮ್ಮಾ, ಒಡೀಲಿ ಅಂತ ತಾನೆ ಮಾಡಿದ್ದು?"

ಮುದುಕನಿಗೆ ಅಂಟು ಬಿಟ್ಟು ಬೇರೇನೂ ಗೊತ್ತಿಲ್ಲ. ಹದಿನಾಲ್ಕು ವರ್ಷದಲ್ಲಿ ಒಡೆದುಹೋಗುವ ಪೆಟ್ಟಿಗೆಯನ್ನು ನಾನು ಮಾಡಿಲ್ಲ, ಮಾಡಲು ನನಗೆ ಬರುವುದೂ ಇಲ್ಲ.

ಮಾರ್ಚ್ 22, ಶನಿವಾರ

ನಾಳೆ ನಾಲ್ಕಕ್ಕೆ ಕುರ್ಚಿ ಆಟ. ನಾಲ್ಕೂವರೆಗೆ ಸ್ಟ್ಯಾಚ್ಯೂ. ಐದಕ್ಕೆ ನಿಧಿ. ಐದೂವರೆಗೆ ಪೆಟ್ಟಿಗೆ. ಆರಕ್ಕೆ ಕೇಕು. ಎಲ್ಲ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ, ಪಾಳಿಯ ವೇಳಾಪಟ್ಟಿಯ ಹಾಗೆ. ಬಲೂನ್ ಐವತ್ತು. ಪಿಟೀಲು ಹಾಡಿಕೊಂಡು ಓಡಾಡುತ್ತಿದ್ದಾಳೆ. ಅವಳು ಇಲ್ಲೇ ಇರುತ್ತಾಳೆ, ನನಗೆ ಗೊತ್ತು. ಇಷ್ಟೆಲ್ಲ ಮಾಡಿದ ತಾಯಿಯನ್ನು ಬಿಟ್ಟು ಯಾರು ಹೋಗುತ್ತಾರೆ?

ಮಾರ್ಚ್ 24, ಸೋಮವಾರ

ಕೆಲಸಕ್ಕೆ ರಜೆ ಹಾಕಿದ್ದೇನೆ. ಹದಿನಾಲ್ಕು ವರ್ಷದಲ್ಲಿ ಇದು ಎಷ್ಟನೆಯ ರಜೆ ಎಂದು ಬೆರಳಲ್ಲಿ ಎಣಿಸಬಹುದು. ಬೆಳಗ್ಗೆಯಿಂದ ಅಡುಗೆಮನೆಯಲ್ಲಿ ಕೂತಿದ್ದೇನೆ. ಹಾಲ್ ಗುಡಿಸಿಲ್ಲ.

ಆರೂ ಜನ ಬಂದಿದ್ದರು. ಉದ್ದ ಜಡೆಯವಳೊಬ್ಬಳು, ದಪ್ಪ ಕನ್ನಡಕದವಳೊಬ್ಬಳು, ಉಳಿದವರ ಮುಖ ಈಗ ನೆನಪಿಲ್ಲ. ತಂಗಿ ಅಡುಗೆಮನೆಯಲ್ಲಿ ಜ್ಯೂಸು, ಚಿಪ್ಸು ನೋಡಿಕೊಳ್ಳುತ್ತಿದ್ದಳು. ಕುರ್ಚಿ ಆಟದಲ್ಲಿ ಒಂದು ಕುರ್ಚಿಯ ಕಾಲು ಮುರಿಯಿತು. ಹಲ್ಲು ಕಚ್ಚಿಕೊಂಡು ನಕ್ಕೆ. ಪಿಟೀಲು ನನ್ನ ಮುಖ ನೋಡಿ, ನಾನು ನಗುತ್ತಿದ್ದೇನೆಂದು ಖಾತ್ರಿ ಮಾಡಿಕೊಂಡು, ಆಮೇಲೆ ತಾನು ನಕ್ಕಳು.

ಸ್ಟ್ಯಾಚ್ಯೂ ಆಟದಲ್ಲಿ ಹಾಡು ನಿಂತ ಕೂಡಲೇ ಅಲ್ಲಾಡದೆ ನಿಲ್ಲಬೇಕು. ಮೂರು ಸಲವೂ ಪಿಟೀಲೇ ಗೆದ್ದಳು. ಕನ್ನಡಕದವಳು ಅವಳ ಮುಖಕ್ಕೆ ಊದಿದಳು, ಕಂಕುಳಿಗೆ ಕಚಗುಳಿ ಇಟ್ಟಳು. ಇನ್ನೊಬ್ಬಳು ಕಿವಿಯ ಪಕ್ಕದಲ್ಲೇ ಬಲೂನು ಒಡೆದಳು. ಉಳಿದವರೆಲ್ಲ ಬೆಚ್ಚಿಬಿದ್ದರು. ನನ್ನ ಮಗಳು ರೆಪ್ಪೆ ಕೂಡ ಅಲ್ಲಾಡಿಸಲಿಲ್ಲ. "ಹೇಗೇ ಇದು?" ಎಂದು ಅವರು ಕೇಳಿದರೆ "ಪ್ರಾಕ್ಟೀಸ್" ಅಂದಳು. ನಾನು ಚಪ್ಪಾಳೆ ತಟ್ಟಿದೆ.

ನಡುವೆ ಬಾಟಲಿಯನ್ನೂ ತಿರುಗಿಸಿಯೇಬಿಟ್ಟರು. ಮೂತಿ ಪಿಟೀಲಿನ ಕಡೆ ನಿಂತಿತು. "ನಿನಗೆ ಯಾರನ್ನ ಕಂಡ್ರೆ ತುಂಬ ಭಯ?" ಎಂದು ಉದ್ದ ಜಡೆಯವಳು ಕೇಳಿದಳು. ನಾನು ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದೆ. "ಹಲ್ಲಿ" ಅಂದಳು ನನ್ನ ಮಗಳು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ.

ಆಮೇಲೆ ಪೆಟ್ಟಿಗೆ. ನೆಲ ಒರೆಸುವ ಕೋಲಿನ ಬಟ್ಟೆ ಬಿಚ್ಚಿ ಕೊಟ್ಟಿದ್ದೆ. ಒಬ್ಬೊಬ್ಬರಿಗೆ ಮೂರು ಏಟು. ಪೆಟ್ಟಿಗೆ ಅತ್ತಿತ್ತ ತೂಗಾಡಿತು, ಒಂದು ನಕ್ಷತ್ರ ಕಿತ್ತುಬಂತು, ಅಷ್ಟೇ. ಎರಡು ಸುತ್ತು ಮುಗಿದರೂ ತಗ್ಗು ಕೂಡ ಬೀಳಲಿಲ್ಲ. ನನಗೆ ಒಳಗೊಳಗೇ ಹೆಮ್ಮೆ.

"ಆಂಟಿ, ಇದು ಒಡೆಯೋ ಥರ ಕಾಣಲ್ಲ" ಎಂದಳು ಕನ್ನಡಕದವಳು.

"ನಮ್ಮನೇಲಿ ಅಂಗಡಿಯಿಂದ ತಂದಿದ್ರು. ಒಂದೇ ಏಟಿಗೆ ಒಡೀತು" ಎಂದಳು ಉದ್ದ ಜಡೆಯವಳು. "ಇದು ಬೋರು ಕಣ್ರೇ. ಬೇರೆ ಆಡೋಣ."

ಪಿಟೀಲು ಅವಳ ಜೊತೆ ಸೇರಿ ಕಿಸಕ್ಕನೆ ನಕ್ಕಳು. ಸಣ್ಣ ನಗು, ಪಾಪದ ನಗು, ಗೆಳತಿ ನಕ್ಕಳೆಂದು ನಕ್ಕದ್ದು. ಈಗ ಅದು ಗೊತ್ತಾಗುತ್ತದೆ.

"ಕೊಡಿಲ್ಲಿ" ಎಂದು ಕೋಲು ಇಸಕೊಂಡೆ. ಮೊದಲನೇ ಏಟು ಮೂಲೆಗೆ ಕೊಟ್ಟೆ. ಎರಡನೆಯದೂ ಅಲ್ಲಿಗೇ. ಪೆಟ್ಟಿಗೆ ಎಲ್ಲಿ ಸೋಲುತ್ತದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಾಲ್ಕನೆಯದಕ್ಕೆ ಹೊಲಿಗೆ ಬಿಚ್ಚಿತು. ಚಾಕೊಲೇಟು ಉದುರಿತು, ಮಕ್ಕಳು "ಹೋ" ಎಂದು ಕೂಗಿ ಬಗ್ಗಿದರು. ಆಟ ಅಲ್ಲಿಗೆ ಮುಗಿಯಬೇಕಿತ್ತು.

ಪೆಟ್ಟಿಗೆ ಒಡೆದಿದೆಯೆಂದು ನನಗೆ ಗೊತ್ತಿತ್ತು. ಆದರೂ ಹೊಡೆದೆ. ಹಗ್ಗ ಹರಿದು ಅದು ನೆಲಕ್ಕೆ ಬಿತ್ತು. ನೆಲದ ಮೇಲೂ ಹೊಡೆದೆ. ರಟ್ಟು ಚಿಂದಿಯಾಗಿ ಹಾರುತ್ತಿತ್ತು. ಬಲೂನುಗಳು ಕೋಲಿಗೆ ಸಿಕ್ಕಿ ಪಟಪಟ ಒಡೆಯುತ್ತಿದ್ದವು. ಮೇಜಿನ ಮೇಲಿದ್ದ ಜ್ಯೂಸಿನ ಲೋಟಗಳು ಗೋಡೆಗೆ ಹೋಗಿ ಪುಡಿಯಾದವು. ನಾನು ಏನೋ ಕೂಗುತ್ತಿದ್ದೆ. ಏನೆಂದು ಆಮೇಲೆ ತಂಗಿ ಹೇಳಿದಳು. "ನಗ್ತೀಯಾ? ಯಾರ ಮುಂದೆ ನಗ್ತೀಯಾ? ಇನ್ನೊಂದ್ಸಲ ನಗು!" ಅನ್ನುತ್ತಿದ್ದೆನಂತೆ. ಕೋಲು ಎರಡು ತುಂಡಾಯಿತು. ಕೈಯಲ್ಲಿ ಉಳಿದ ತುಂಡಿನಿಂದಲೂ ಹೊಡೆದೆ.

ಆಗ ಒಂದು ಮೆಲುದನಿ ಕೇಳಿತು. ಪಿಟೀಲು ಆರೂ ಜನರನ್ನು ಸೋಫಾದ ಹಿಂದೆ ಗೋಡೆಗೆ ಒರಗಿಸಿ ನಿಲ್ಲಿಸಿದ್ದಳು. ತಾನು ಅವರ ಮುಂದೆ ಎರಡೂ ತೋಳು ಚಾಚಿ ನಿಂತು ಹೇಳುತ್ತಿದ್ದಳು:

"ಯಾರೂ ಓಡ್ಬೇಡಿ. ಅಳ್ಬೇಡಿ, ಅತ್ರೆ ಜಾಸ್ತಿ ಆಗುತ್ತೆ. ಮುಖ ನೋಡ್ಬೇಡಿ, ನೆಲ ನೋಡಿ. ಇನ್ನು ಸ್ವಲ್ಪ ಹೊತ್ತು, ಮುಗಿದುಹೋಗುತ್ತೆ."

ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಯಂತ್ರದ ಮುಂದೆ ನಿಂತು ನಾನು ಹೇಳಿಕೊಡುತ್ತೇನಲ್ಲ, ಕೈ ಎಲ್ಲಿಡಬೇಕು, ಎಲ್ಲಿಡಬಾರದು ಎಂದು, ಅದೇ ದನಿ. ಗಾಬರಿಯೇ ಇಲ್ಲ. ಆರೂ ಹುಡುಗಿಯರು ಅವಳು ಹೇಳಿದಂತೆ ನೆಲ ನೋಡುತ್ತಿದ್ದರು. ಕನ್ನಡಕದವಳ ಬಟ್ಟೆ ಒದ್ದೆಯಾಗಿತ್ತು.

ಕೋಲಿನ ತುಂಡು ಕೈಯಿಂದ ಜಾರಿತು. ಅಂಗೈಯಲ್ಲಿ ಸಿಬಿರು ಚುಚ್ಚಿ ರಕ್ತ ಬರುತ್ತಿತ್ತು. ತಂಗಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

ಕೇಕು ಕತ್ತರಿಸಿದೆವು. ಅದನ್ನೂ ಮಾಡಿದೆವು. ಮಕ್ಕಳು ಹಾಡಿದ್ದು ಯಾರಿಗೂ ಕೇಳಿಸಲಿಲ್ಲ. ಆರೂವರೆಯೊಳಗೆ ಎಲ್ಲರ ಮನೆಯವರೂ ಬಂದರು. ಉದ್ದ ಜಡೆಯವಳ ತಾಯಿ ಮಗಳ ಮುಖ ನೋಡಿದಳು, ಹಾಲ್ ನೋಡಿದಳು, ನನ್ನ ಕೈ ನೋಡಿದಳು. ಮಗಳನ್ನು ಎತ್ತಿಕೊಂಡೇ ಮೆಟ್ಟಿಲಿಳಿದಳು. ಹನ್ನೆರಡು ವರ್ಷದ ಹುಡುಗಿಯನ್ನು.

ಎಲ್ಲರೂ ಹೋದ ಮೇಲೆ ತಂಗಿ ಪಿಟೀಲಿನ ಮುಂದೆ ಮಂಡಿಯೂರಿ ಕೂತಳು. "ಹುಟ್ಟುಹಬ್ಬ ಆಯ್ತು ಮರಿ. ಈಗ ಹೇಳು."

ಪಿಟೀಲು ನನ್ನ ಕಡೆ ನೋಡಿದಳು. ಮುಖವನ್ನಲ್ಲ. ಕೈಯನ್ನು ನೋಡಿದಳು. "ಇಲ್ಲೇ ಇರ್ತೀನಿ ಚಿಕ್ಕಮ್ಮ. ಪಾರ್ಟಿ ಚೆನ್ನಾಗಿತ್ತು. ಅಮ್ಮ ನನಗೋಸ್ಕರ ಎಷ್ಟೆಲ್ಲ ಮಾಡಿದ್ರು ನೋಡು" ಅಂದಳು. ಕಪಾಟಿನ ಬಾಗಿಲಿನ ಕಥೆ ಹೇಳಿದಳಲ್ಲ, ಅಷ್ಟೇ ಸಲೀಸಾಗಿ ಹೇಳಿದಳು. ಮೂರು ವಾರದಿಂದ ನಾನು ಕಾಯುತ್ತಿದ್ದದ್ದು ಇದೇ ಮಾತಿಗೆ.

"ಕರ್ಕೊಂಡು ಹೋಗು" ಅಂದೆ.

ತಂಗಿ ತಲೆ ಎತ್ತಿದಳು. "ಏನಂದೆ?"

"ಕರ್ಕೊಂಡು ಹೋಗು ಅಂದೆ. ಇವತ್ತೇ."

"ಇರ್ತೀನಿ ಅಂದ್ನಲ್ಲಮ್ಮ! ನಾನು ಇರ್ತೀನಿ ಅಂದೆ!" ಎಂದು ಪಿಟೀಲು ನನ್ನ ಸೊಂಟ ಹಿಡಿದುಕೊಂಡಳು. "ನಾನು ಇನ್ಮೇಲೆ ನಗಲ್ಲ. ಪ್ರಾಮಿಸ್, ನಗಲ್ಲ." ಬೆರಳು ಬಿಡಿಸಬೇಕಾಯಿತು. ಒಂದೊಂದಾಗಿ ಬಿಡಿಸಿದೆ. ಮೆಲ್ಲಗೆ ಬಿಡಿಸಬೇಕೆಂದು ಎಷ್ಟು ಪ್ರಯತ್ನಪಟ್ಟೆನೋ ನನಗೇ ಗೊತ್ತು. ಮೆಟ್ಟಿಲಿಳಿಯುವ ತನಕ ಅಳುತ್ತಿದ್ದಳು. ಕೂಸಾಗಿದ್ದಾಗಿನ ಹಾಗೆ, ಎಳೆದೆಳೆದು.

ಯಾಕೆ ಹಾಗೆ ಹೇಳಿದೆನೋ ಗೊತ್ತಿಲ್ಲ. ನಿನ್ನೆ ರಾತ್ರಿಯಿಂದ ನನ್ನನ್ನು ನಾನೇ ಬೈದುಕೊಳ್ಳುತ್ತಿದ್ದೇನೆ.

ಮಾರ್ಚ್ 26, ಬುಧವಾರ

ಹಾಲ್ ಗುಡಿಸಿದೆ. ತಂಗಿಗೆ ಫೋನ್ ಮಾಡಿ, "ಅವತ್ತು ಹಣೆಗೆ ಬಡಿದಿದ್ದು ಬಾಗಿಲಲ್ಲ. ನಾನು ಅವಳ ಕೂದಲು ಹಿಡಿದು ಬಡಿದೆ. ಎರಡು ಸಲ" ಅಂದೆ.

"ಗೊತ್ತಿತ್ತು ಅಕ್ಕ" ಅಂದಳು. ಆಮೇಲೆ, "ನನಗೆ ಆ ಹಗ್ಗವೂ ನೆನಪಿದೆ. ನನ್ನ ಬದಲು ನೀನು ನಿಂತಿದ್ದೂ ನೆನಪಿದೆ. ಅದಕ್ಕೇ ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಮುಚ್ಚಿಕೋಬಾರದಿತ್ತು" ಅಂದಳು.

ಅವಳ ಆಸ್ಪತ್ರೆಯಲ್ಲಿ ಗುರುವಾರ ಗುರುವಾರ ಒಬ್ಬ ಡಾಕ್ಟರು ಕೂರುತ್ತಾರಂತೆ, ಸಿಟ್ಟಿಗೆ. ನಾನೇನು ಹುಚ್ಚಿಯೇ ಎಂದು ಫೋನಿಟ್ಟೆ. ಗುರುವಾರಗಳಿಗೆ ಅರ್ಧ ದಿನದ ರಜೆ ಬರೆದುಕೊಟ್ಟೆ.

ಮಾರ್ಚ್ 30, ಭಾನುವಾರ

ಬೆಳಗ್ಗೆ ಪಿಟೀಲು ಫೋನ್ ಮಾಡಿದಳು. ಒಂದು ವಾರದಲ್ಲಿ ಮೊದಲ ಸಲ. ತಿಂಡಿ ಆಯಿತಾ ಎಂದು ಕೇಳಿದೆ. ಬಸ್ಸಿನಲ್ಲಿ ಶಾಲೆಗೆ ಹೋಗಲು ಕಷ್ಟವಾಗುತ್ತಿದೆಯಾ ಎಂದು ಕೇಳಿದೆ.

"ನೀನು ನನ್ನ ಹುಟ್ಟುಹಬ್ಬ ಹಾಳು ಮಾಡಿದೆ" ಅಂದಳು.

ನನ್ನ ಮಗಳು ನನಗೆ ಎದುರು ಮಾತಾಡಿದವಳೇ ಅಲ್ಲ.

"ಈಗ ಇಬ್ಬರೇ ನನ್ನ ಜೊತೆ ಮಾತಾಡ್ತಾರೆ. ಉಳಿದೋರು ನನ್ನ ನೋಡಿದ್ರೆ ಪಿಸುಗುಟ್ಟುತ್ತಾರೆ. ಎಲ್ಲ ನಿನ್ನಿಂದ. ಆಮೇಲೆ ನನ್ನನ್ನೇ ಆಚೆ ಹಾಕಿದೆ. ಇರ್ತೀನಿ ಅಂದ್ರೂ ಹಾಕಿದೆ!" ದನಿ ಏರುತ್ತ ಹೋಯಿತು. ಒಂದನೇ ಕ್ಲಾಸಿನಲ್ಲಿ ನೀರಿನ ಬಾಟಲಿ ಕಳೆದದ್ದಕ್ಕೆ ಹೊಡೆದೆ ಅಂದಳು. ಜ್ವರದಲ್ಲಿ ಹಾಸಿಗೆಯ ಮೇಲೆ ವಾಂತಿ ಮಾಡಿದ್ದಕ್ಕೆ ಹೊಡೆದೆ. ಶಾಲೆಯ ನಾಟಕದಲ್ಲಿ ಮಾತು ಮರೆತದ್ದಕ್ಕೆ, ಮನೆಗೆ ಬರುವ ತನಕ ಸುಮ್ಮನಿದ್ದು, ಬಾಗಿಲು ಹಾಕಿಕೊಂಡು, ಬೂಟಿನಲ್ಲಿ ಹೊಡೆದೆ. ಯಾವ ದಿನ, ಯಾವ ಕೋಣೆ, ಯಾವ ಕೈ, ಎಲ್ಲ ಹೇಳಿದಳು. ನನಗೆ ಅರ್ಧಕ್ಕರ್ಧ ನೆನಪೇ ಇರಲಿಲ್ಲ. ಎದುರಿಗಿದ್ದಿದ್ದರೆ ಮೊದಲನೇ ಮಾತಿಗೇ ಹೊಡೆದಿರುತ್ತಿದ್ದೆ. ಅದು ಅವಳಿಗೂ ಗೊತ್ತು. ನಮ್ಮ ನಡುವೆ ಅಷ್ಟು ಬೀದಿಗಳು ಇದ್ದದ್ದರಿಂದಲೇ ಕಿರುಚುತ್ತಿದ್ದಳು.

ನನ್ನ ಬಲಗೈ ಬಿಗಿಯಾಯಿತು. ಅದನ್ನು ತೊಡೆಯ ಕೆಳಗೆ ಹಾಕಿಕೊಂಡು ಅದರ ಮೇಲೆ ಕೂತೆ.

"ಕೇಳಿಸ್ತಾ ಇದ್ಯಾ? ಅಮ್ಮಾ? ಫೋನಿಟ್ಯಾ?"

"ಇಲ್ಲ. ಕೇಳಿಸ್ತಿದೆ."

ಅವಳು ಮೂಗು ಒರೆಸಿಕೊಂಡ ಸದ್ದು ಬಂತು. "ಇನ್ನೂ ಇದೆ" ಅಂದಳು.

"ಹೇಳು" ಅಂದೆ.